ಬೆಂಕಿ ಹುಡುಕುವ ಪೊರಕೆ

ಅಕ್ಕನ ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದೆ. ಬೆರಳ ತುದಿಗಳಷ್ಟೇ ಹೊರಗೆ. ಆದರೂ ಬೆಳಿಗ್ಗೆ ಎಂಟಕ್ಕೆ ಅವಳು ಪೊರಕೆ ಹಿಡಿದು ಪಂಪಿನ ಮುಂದೆ ನಿಲ್ಲಲೇಬೇಕು.

ಗುಡಿಸಲಿಕ್ಕಲ್ಲ. ಬೆಂಕಿ ಹುಡುಕಲಿಕ್ಕೆ.

ನಮ್ಮದು ಕಾರುಗಳಿಗೆ ಹೈಡ್ರೋಜನ್ ತುಂಬುವ ಬಂಕು. ಈ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹತ್ತಿಕೊಂಡರೆ ಹಗಲಲ್ಲಿ ಉರಿಯೂ ಕಾಣುವುದಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಅಂತಾರೆ. ಇಲ್ಲಿ ಹೊಗೆಯಿಲ್ಲದೆಯೇ ಮನುಷ್ಯ ಬೇಯುತ್ತಾನೆ.

ಸೋರಿಕೆ ಹಿಡಿಯಲು ಕಂಬದ ಮೇಲೊಂದು ಯಂತ್ರವಿತ್ತು. ಅದು ಕೂಗಿದರೆ ಪಂಪು ತಾನಾಗಿ ನಿಲ್ಲುತ್ತಿತ್ತು. ಹೋದ ತಿಂಗಳು ದಿನಕ್ಕೆ ನಾಲ್ಕು ಸಲ ಕೂಗಿತು. ಕಾರುಗಳ ಸಾಲು ರಸ್ತೆಯವರೆಗೆ ಬೆಳೆಯಿತು. ಮ್ಯಾನೇಜರ್ ಏಣಿ ಹತ್ತಿ ತಂತಿ ಕಿತ್ತರು.

"ಇದಕ್ಕೆ ತಲೆ ಕೆಟ್ಟಿದೆ" ಅಂದರು.

ಏಣಿ ಹಿಡಿದುಕೊಂಡಿದ್ದವನು ನಾನೇ.

ಅಂದಿನಿಂದ ಆ ಯಂತ್ರದ ಕೆಲಸ ಅಕ್ಕನಿಗೆ ಬಂತು. ಪೊರಕೆಯನ್ನು ಮುಂದೆ ಚಾಚಿಕೊಂಡು ಪೈಪಿನ ಉದ್ದಕ್ಕೂ ನಡೆಯಬೇಕು. ಪೊರಕೆ ಹತ್ತಿಕೊಂಡರೆ ಅಲ್ಲಿ ಬೆಂಕಿ ಇದೆ ಅಂತ ಲೆಕ್ಕ. ಎರಡು ಸಲ ಹತ್ತಿಕೊಂಡಿತು. ಎರಡನೆಯ ಸಲ ಕೈಯೂ. ಮ್ಯಾನೇಜರ್ ನಟ್ಟು ಬಿಗಿ ಮಾಡಿಸಿ ಮತ್ತೆ ಪಂಪು ಶುರು ಮಾಡಿಸಿದರು. ಅವಳು ನನ್ನ ಒಡಹುಟ್ಟಿದ ಅಕ್ಕ. ಇಲ್ಲಿ ಕೆಲಸಕ್ಕೆ ಸೇರಿಸಿದ್ದೂ ನಾನೇ.

ಇವತ್ತು ಸರ್ಕಾರದ ಸೇಫ್ಟಿ ಸಾಹೇಬರು ಬರುವವರಿದ್ದರು. ಮ್ಯಾನೇಜರ್ ಅಕ್ಕನಿಗೆ ಹೊಸ ಪೊರಕೆ ಕೊಟ್ಟರು.

"ಸುಟ್ಟಿದ್ದನ್ನ ಎಸೆದುಬಿಡಮ್ಮ. ಅವರ ಮುಂದೆ ಹೊಸದು ಹಿಡ್ಕೋ."

"ಕೈನೂ ಹೊಸದು ಕೊಡ್ತೀರಾ ಸ್ವಾಮಿ?"

ಪಂಪಿನವರು ನಾವು ನಾಲ್ವರೂ ಕಿಸಕ್ಕೆಂದೆವು. ಮ್ಯಾನೇಜರ್ ನಗಲಿಲ್ಲ.

ಸಾಹೇಬರು ಬಂದರು. ಪಂಪಿನ ಸುತ್ತಲ ಹಳದಿ ಗೆರೆ ದಾಟದೆ ನಿಂತು ನಮ್ಮ ದಿನದ ತಪಾಸಣೆಯ ಕಾಗದ ತಿರುವಿದರು. 'ಸೋರಿಕೆ ಯಂತ್ರ ಸರಿಯಿದೆ.' ಪ್ರತಿ ಹಾಳೆಯಲ್ಲೂ ನನ್ನದೇ ಸಹಿ.

"ಎಲ್ಲ ಸರಿ ಇದೆಯಲ್ಲ?"

"ಹೂವಿನ ಹಾಗಿದೆ ಸಾರ್" ಅಂದರು ಮ್ಯಾನೇಜರ್.

ಅಕ್ಕ ಡ್ರಮ್ಮಿನ ಹಿಂದಿನಿಂದ ಸುಟ್ಟ ಪೊರಕೆ ತಂದಳು. ಅರ್ಧ ಕಡ್ಡಿ, ಅರ್ಧ ಮಸಿ.

"ಸಾಹೇಬ್ರೇ, ಇದನ್ನ ಹಿಡ್ಕೊಂಡು ಪೈಪಿನ ಪಕ್ಕ ಒಂದ್ಸಲ ನಡೀರಿ. ಆಮೇಲೆ ಸಹಿ ಹಾಕಿ."

"ಏನಿದು?"

"ಕಸ ಸುಟ್ಟಿದ್ದು ಸಾರ್" ಅಂದರು ಮ್ಯಾನೇಜರ್.

"ಹೌದು" ಅಕ್ಕ ಬಟ್ಟೆ ಸುತ್ತಿದ ಕೈ ಎತ್ತಿದಳು. "ಇದೇ ಆ ಕಸ."

ಪಂಪಿನ ಬುಡದಲ್ಲಿ ಸುಯ್ ಅಂತ ಸಣ್ಣ ಸದ್ದು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

"ಸರಿ ಇದ್ರೆ ಯಾಕೆ ಸರಿದ್ರಿ?"

ಅವರು ಅವಳತ್ತ ನೋಡಲಿಲ್ಲ. ತಮ್ಮ ಕಾರಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು. "ಸ್ವಲ್ಪ ಗಮನ ಇಡಿ" ಅಂದು ಹೊರಟೇಹೋದರು.

ಹೊರಗೆ ಕಾರುಗಳ ಸಾಲು ಹಾರ್ನ್ ಹೊಡೆಯುತ್ತಿತ್ತು.

"ನಡಿ, ನೋಡ್ಕೊಂಡು ಬಾ" ಅಂದರು ಮ್ಯಾನೇಜರ್.

ಅಕ್ಕ ಪೊರಕೆಯನ್ನು ಅವರತ್ತಲೇ ಚಾಚಿದಳು. "ತಗೊಳ್ಳಿ. ಹೂವಿನ ಹಾಗಿದೆಯಲ್ಲ."

ಅವರು ಕೈ ನೀಡಲಿಲ್ಲ. ನನ್ನ ಕಡೆ ತಿರುಗಿದರು. "ಲೋ, ನೀನು ಹಿಡಿಯೋ."

ನಾನು ಗೋಡೆಯ ಹತ್ತಿರ ಹೋದೆ. ಅಲ್ಲಿ ಎಲ್ಲ ಪಂಪುಗಳನ್ನೂ ಒಟ್ಟಿಗೆ ನಿಲ್ಲಿಸುವ ಕೆಂಪು ಗುಂಡಿಯಿದೆ. ಇಷ್ಟು ದಿನ ಅದರ ಮೇಲಿನ ಧೂಳನ್ನಷ್ಟೇ ಒರೆಸಿದ್ದೆ. ಒತ್ತಿದೆ. ಇಡೀ ಬಂಕು ಒಮ್ಮೆ ಉಸಿರು ಬಿಟ್ಟು ಸುಮ್ಮನಾಯಿತು.

"ಯಾರೋ ಹೇಳಿದ್ದು ನಿಂಗೆ ನಿಲ್ಲಿಸು ಅಂತ?"

"ಯಂತ್ರ ಕೂಗ್ತು ಸಾರ್."

ಮ್ಯಾನೇಜರ್ ಕಂಬದ ಕಡೆ ಕತ್ತೆತ್ತಿದರು. ತಾವೇ ಕಿತ್ತ ತಂತಿ ಗಾಳಿಗೆ ಓಲಾಡುತ್ತಿತ್ತು.

"ನಂಗೂ ಕೇಳಿಸ್ತು" ಅಂದ ಪಂಪಿನವರಲ್ಲೊಬ್ಬ, ಕೈಗವಸು ಕಳಚಿ ಅಕ್ಕನ ಪಕ್ಕ ಬಂದು ನಿಲ್ಲುತ್ತ.

"ನಂಗೂ."

"ಕಿವಿ ಹರಿದುಹೋಗೋ ಹಾಗೆ ಕೂಗ್ತಲ್ಲ ಸಾರ್. ನಿಮಗೊಬ್ರಿಗೇ ಕೇಳಿಸಲಿಲ್ವಾ?"