ಖಾದರ್ ಸಾಬರ ಹಳದಿ ದೀಪ

ನಯಾಪೈಸೆ ಬಂದು ಹಳೇ ಕಾಸು ಮೂಲೆ ಸೇರಿದ ಕಾಲ. ಯಲಹಂಕದಿಂದ ಸಿಟಿ ಮಾರ್ಕೆಟ್ಟಿಗೆ ಸೊಪ್ಪು, ಹೂವು, ತರಕಾರಿ ಸಾಗಿಸುವವರಿಗೆ ಖಾದರ್ ಬಾಷಾ ಸಾಬರ ಕಾರೇ ದಿಕ್ಕು. ಕಾರು ಅಂದರೆ ಹೆಸರಿಗೆ ಕಾರು. ಹಿಂದಿನ ಸೀಟು ಕಿತ್ತು ಹಲಗೆ ಹಾಕಿದ್ದರು, ಟಾಪಿನ ಮೇಲೆ ಮಂಕರಿ ಕಟ್ಟೋದಕ್ಕೆ ಕಬ್ಬಿಣದ ಸರಳು ಹೊಡೆಸಿದ್ದರು. ಎಷ್ಟು ಜನ ಬಂದರೂ ಸಾಬರು ಬೇಡ ಅಂದವರಲ್ಲ. "ಅರ್ಧ ಜನ ಈಗ ಉಸಿರು ಬಿಡಿ, ಮಿಕ್ಕೋರು ಆಮೇಲೆ ಬಿಡಿ" ಅಂತ ನಗಿಸಿ, ಬಾಗಿಲು ಒತ್ತಿ ಹಾಕೋರು.

ಮುಂದಿನ ಸೀಟು ಮಾತ್ರ ಚಿಕ್ಕಬೈರಪ್ಪನದು. ಹುರುಳಿಕಾಯಿ ಬೆಳೆಯೋ ಮನುಷ್ಯ, ಸಾಬರ ವಾರಿಗೆಯವನೇ. ಇಬ್ಬರಿಗೂ ಹುಡುಗತನದಿಂದ ಸ್ನೇಹ. ಹೆಗಲ ಮೇಲೊಂದು ಕರೀ ಕಂಬಳಿ, ಚಳಿ ಇರಲಿ ಬಿಸಿಲಿರಲಿ ಇಳಿದಿದ್ದು ಯಾರೂ ಕಂಡಿಲ್ಲ. ಮಂಜಿನ ದಿನಗಳಲ್ಲಿ ಹೊಲದಿಂದ ನಡೆದು ಬರುವಷ್ಟರಲ್ಲಿ ಅದರ ಕೂದಲು ಕೂದಲಿಗೂ ನೀರು ಕೂತಿರೋದು.

"ಅರೇ, ಹಿಂಡಿ ಕೂತ್ಕೊಳ್ಳೋ ಮಾರಾಯ! ನಿನ್ ಕಂಬ್ಳಿಯಿಂದ ನನ್ ಸೀಟು ಕೆರೆ ಆಗ್ತದೆ."

"ಆಗ್ಲಿ ಬಿಡಿ ಸಾಬ್ರೇ, ಮೀನು ಸಾಕವಾ."

ಹಿಂದಿನಿಂದ ಹೂವಿನ ಮುನಿವೆಂಕಟಮ್ಮ ಗದರೋಳು: "ನಿಮ್ಮಿಬ್ರ ಸರಸ ಸಾಕು, ಗಾಡಿ ಬುಡ್ರಪ್ಪಾ. ಸೇವಂತ್ಗೆ ಬಾಡಿ ಓಗ್ತದೆ."

ಆ ವರ್ಷ ಹೆಬ್ಬಾಳದ ಕೆರೆ ಏರಿ ಮೇಲೆ ಮಂಜು ಗೋಡೆ ಕಟ್ಟಿದ ಹಾಗೆ ಕೂತಿತ್ತು. ಸಾಬರು ಶಿವಾಜಿನಗರದ ಗುಜರಿಯಲ್ಲಿ ಹುಡುಕಿ, ಮಿಲಿಟರಿ ಲಾರಿಯಿಂದ ಬಿಚ್ಚಿದ ಹಳದಿ ಗಾಜಿನ ದೀಪವೊಂದನ್ನು ತಂದು ಬಂಪರಿನ ಮೇಲೆ ಕೂರಿಸಿದರು. ಬಿಳೀ ದೀಪ ಮಂಜಿಗೆ ಬಡಿದು ಕಣ್ಣಿಗೇ ವಾಪಸ್ಸು ಬರ್ತದೆ, ಇದಾದರೆ ನೆಲ ಹಿಡಿದು ಹೋಗ್ತದೆ ಅಂತ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತೋರಿಸಿದರು. ತೋರಿಸಿದ್ದೇ ತಡ, ಉಳಿದ ಡ್ರೈವರುಗಳೂ ಗುಜರಿಗೆ ಓಡಿದರು. ಒಬ್ಬ ಒಂದು ದೀಪ ತಂದರೆ ಇನ್ನೊಬ್ಬ ಜೋಡಿ ತಂದ. ಮಂಜು ಹೋಯಿತು, ದೀಪದ ಶೋಕಿ ಹೋಗಲಿಲ್ಲ. ಶಿವರಾತ್ರಿ ಕಳೆದು ಆಕಾಶ ತೊಳೆದಿಟ್ಟ ಹಾಗಿದ್ದರೂ ಬಳ್ಳಾರಿ ರಸ್ತೆ ತುಂಬಾ ಹಳದಿ ದೀಪ ಉರಿಸಿಕೊಂಡೇ ಓಡಾಡೋರು. ಎದುರಿನಿಂದ ಬರುವ ಎತ್ತಿನ ಗಾಡಿಯವರು ಕಣ್ಣಿಗೆ ಕೈ ಅಡ್ಡ ಹಿಡಿದು, "ಆರ್ಸ್ರಯ್ಯಾ, ಯಾರ್ ಮದ್ವೆ ಐತೆ?" ಅಂತ ಬೈಯೋರು. ಹಾಗಾಗಿ ಖಾದರ್ ಸಾಬರ ದೀಪವೂ ಉರೀತಾ ಇದೆ ಅನ್ನೋದು ಯಾರಿಗೂ ವಿಶೇಷ ಅನ್ನಿಸಲಿಲ್ಲ.

ಒಂದು ಬೆಳಿಗ್ಗೆ ಏರಿ ಮೇಲೆ ಸಾಬರು ಸ್ಟಿಯರಿಂಗಿಗೆ ಎದೆ ತಾಗಿಸಿ ಬಗ್ಗಿ ಕೂತು ಅಂದರು: "ಈ ವರ್ಷ ಮಂಜು ಬಿಡೋ ಹಾಗೇ ಕಾಣಲ್ಲ, ಅಲ್ವಾ ಬೈರಪ್ಪ?"

ಬೈರಪ್ಪ ನಗಲಿಕ್ಕೆ ಬಾಯಿ ತೆರೆದ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯೋರು ಕಾಣುತ್ತಿದ್ದರು, ನೀರಿನ ಮೇಲೆ ಬಾತುಕೋಳಿ ಕಾಣುತ್ತಿದ್ದವು. ತಿರುಗಿ ಸಾಬರ ಮುಖ ನೋಡಿದ. ಅದು ತಮಾಷೆಯ ಮುಖ ಆಗಿರಲಿಲ್ಲ.

"ಊಂ ಸಾಬ್ರೇ," ಅಂದ. "ಬುಡಾಂಗೇ ಇಲ್ಲ."

ಹಿಂದೆ ತೂಕಡಿಸುತ್ತಿದ್ದವರೂ ಊಂಗುಟ್ಟಿದರು.

ಅವತ್ತಿನಿಂದ ಬೈರಪ್ಪನ ಕೆಲಸವೇ ಬೇರೆಯಾಯಿತು. ಹರಟೆಯ ನಡುವೆಯೇ, "ಎಡಕ್ಕೊಂದು ಸೈಕಲ್ ಓಗ್ತೈತೆ ನೋಡಿ, ಅದ್ರ ಮೇಲೆ ಹೆಣ್ತೀನ ಕೂರ್ಸ್ಕಂಡವ್ನೆ ನನ್ಮಗ" ಅನ್ನೋನು. "ಗಾಡಿ ಅಡ್ಡ ಐತೆ, ನಿಧಾನ" ಅನ್ನೋನು. ಸಾಬರು, "ಕಂಡೆ ಕಂಡೆ" ಅನ್ನೋರು.

ಒಂದು ದಿನ ಸಾಬರ ಹೆಂಡತಿ ಕನೀಜ್, ಬೈರಪ್ಪ ಹುರುಳಿಕಾಯಿ ಕೊಡಲು ಬಂದಾಗ ಬಾಗಿಲ ಪರದೆ ಹಿಂದಿನಿಂದಲೇ ಮಾತಾಡಿದಳು. "ಅಣ್ಣಾ, ಅವ್ರು ಚಾ ಸಾಸರಿಗೆ ಹಾಕೋಕೆ ಹೋಗಿ ಚಾಪೆ ಮೇಲೆ ಸುರೀತಾರೆ. ಕೇಳಿದ್ರೆ ದೀಪದ ಬತ್ತಿ ಸಣ್ಣ ಮಾಡಿದೀಯ ಅಂತ ನನ್ ಮೇಲೇ ರೇಗ್ತಾರೆ. ನಿಮ್ ಮಾತು ಅಂದ್ರೆ ನಂಬ್ತಾರೆ. ನೀವು ಹೇಳಿ, ಗಾಡಿ ಬಿಡಲಿ."

"ಏಳ್ತೀನಮ್ಮ."

"ಯಾವತ್ತು?"

"ನಾಳೆ."

ಹೇಳಬೇಕು ಅಂತಲೇ ಮಾರನೆಯ ದಿನ ಕಾರು ಹತ್ತಿದ. ಸಾಬರು ಹಾಡಿನ ಥರ ಏನೋ ಗುನುಗುತ್ತಾ, ಸ್ಟಿಯರಿಂಗನ್ನು ಕರುವಿನ ಕೊರಳು ಸವರಿದ ಹಾಗೆ ಸವರುತ್ತಾ ಕೂತಿದ್ದರು. ಈ ಮನುಷ್ಯನಿಂದ ಇದನ್ನು ಕಿತ್ತುಕೊಂಡರೆ ಉಳಿಯೋದು ಏನು? ಬ್ಯಾಟರಾಯನಪುರ ದಾಟಿದರು. ಏರಿ ದಾಟಲಿ, ಹೇಳೋಣ ಅಂದುಕೊಂಡ. ಹೇಗೆ ಶುರು ಮಾಡೋದು ಅಂತ ಯೋಚಿಸುತ್ತಾ ಕೂತವನು ರಸ್ತೆ ನೋಡೋದು ಮರೆತ.

ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಏರಿಯ ಅಂಚಿನಲ್ಲಿ ಬರುತ್ತಿದ್ದಳು. ಹಳದಿ ದೀಪ ಮುಖಕ್ಕೇ ಹೊಡೆದಿದ್ದರಿಂದ ಕಾರು ಎತ್ತ ಬರುತ್ತಿದೆ ಅಂತ ಅವಳಿಗೂ ತಿಳಿಯಲಿಲ್ಲ. ಬೈರಪ್ಪ "ಸಾಬ್ರೇ!" ಅಂತ ಕೂಗುವಷ್ಟರಲ್ಲಿ ಹೊರೆ ಗಾಜಿಗೆ ಬಡಿದು ಚೆಲ್ಲಾಡಿತು. ಕಾರು ನಿಂತಿತು. ಮೇಲಿನ ಮಂಕರಿ ಜಾರಿ ಮುನಿವೆಂಕಟಮ್ಮನ ಸೇವಂತಿಗೆಯೆಲ್ಲಾ ರಸ್ತೆಗೆ ಬಿತ್ತು. ಎಲ್ಲರೂ ಇಳಿದರು.

ಮುದುಕಿಗೆ ಮೊಣಕೈ ತರಚಿತ್ತು, ಅಷ್ಟೇ. ದೇವರು ದೊಡ್ಡವನು. ಆದರೆ ಹೆದರಿಕೆಗೆ ಸಾಬರ ಬಾಯಿ ಜೋರಾಯಿತು. "ಈ ಮಂಜಲ್ಲಿ ನಡೂ ರಸ್ತೆಗೆ ಬಂದ್ರೆ ನಾನು ಹೇಗೆ ನೋಡ್ಲಿ ಅಜ್ಜೀ?"

ಮುದುಕಿ ಹುಲ್ಲು ಗುಡಿಸಿಕೊಳ್ಳುತ್ತಾ ಅಂದಳು: "ಯಾವ್ ಮಂಜಪ್ಪಾ? ಬೆಳ್ಳಂಬೆಳಗಾಗೈತೆ. ಕಣ್ಣಿಗೆ ಪಂಜು ಇಡ್ದಂಗೆ ದೀಪ ಬುಟ್ಕಂಡು ಬಂದು ಮಂಜು ಅಂತೀಯಲ್ಲಾ!"

ಮುನಿವೆಂಕಟಮ್ಮ ಹೂವು ಆಯೋದು ನಿಲ್ಲಿಸಿ ನೋಡಿದಳು.

"ಬೈರಪ್ಪ," ಅಂದರು ಸಾಬರು. "ನೀನ್ ಹೇಳು. ಮಂಜಿದೆ ತಾನೇ?"

ಹೇಳೋದಕ್ಕೆ ಅದಕ್ಕಿಂತ ಸರಿಯಾದ ಹೊತ್ತು ಇನ್ನೊಂದಿರಲಿಲ್ಲ. ಆದರೂ ಬೈರಪ್ಪ, "ಐತೆ ಸಾಬ್ರೇ," ಅಂದ.

ಸಾಬರು ದನಿ ಬಂದ ಕಡೆಗೆ ಎರಡು ಹೆಜ್ಜೆ ಬಂದರು. ಕೈ ಚಾಚಿ ಅವನ ಹೆಗಲು ಮುಟ್ಟಿದರು. ಕಂಬಳಿಯ ಮೇಲೆ ಅಂಗೈ ಎಳೆದರು, ಮತ್ತೊಮ್ಮೆ ಎಳೆದರು, ಅಂಚು ಹಿಡಿದು ಬೆರಳಲ್ಲಿ ಹೊಸಕಿ ನೋಡಿದರು.

"ಒಣಗಿದೆಯಲ್ಲೋ," ಅಂದರು.

ಆಮೇಲೆ ಬಾನೆಟ್ಟು ತಡವಿಕೊಂಡು ಹೋಗಿ, ಬಾಗಿಲಲ್ಲಿ ಕೈ ತೂರಿಸಿ, ದೀಪ ಆರಿಸಿದರು. ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡರು. ಆರಿದ ದೀಪದ ಪಕ್ಕ ರಸ್ತೆಯಲ್ಲೇ ಕೂತರು.

ಕಣ್ಣಿನ ಡಾಕ್ಟರು ಇದು ಪೊರೆ ಅಲ್ಲ, ಒಳಗಿನ ನರವೇ ಬತ್ತುತ್ತಿದೆ, ಹೋದದ್ದು ಬರೋದಿಲ್ಲ ಅಂದರಂತೆ. ಗಾಡಿ ಸಾಬರ ತಂಗಿ ಮಗ ವಾಜಿದ್‌ನ ಕೈಗೆ ಹೋಯಿತು. ಬೈರಪ್ಪ ಮನೆಗೆ ಹೋದಾಗೆಲ್ಲ ಕನೀಜ್ ಚಾ ಕೊಡುವಳು, ಸಾಬರು ಗೋಡೆ ಕಡೆ ಮುಖ ಮಾಡಿ ಕೂರುವರು. ಒಂದು ದಿನ ಮಾತ್ರ ಬಾಯಿ ಬಿಟ್ಟರು. "ಹಿಂದೆ ಕೂತೋರು ನಿದ್ದೆಗಣ್ಣಲ್ಲಿ ಊಂ ಅಂದ್ರು, ಬಿಡು. ನೀನು ನೋಡಿ ಹೇಳ್ತಿದೀಯ ಅಂದ್ಕೊಂಡಿದ್ದೆ. ಈಗ ಬೆಳಗಾಯ್ತು ಅಂತ ಯಾರಾದ್ರೂ ಅಂದ್ರೂ ನಂಗೆ ನಂಬಿಕೆ ಬರಲ್ಲ."

ಬೈರಪ್ಪ ಅದಕ್ಕೂ ಊಂ ಅಂದ.

ಮಳೆಗಾಲ ಕಳೆಯಿತು. ಅವರೆಕಾಯಿ ಬರುವ ಹೊತ್ತಿಗೆ ಕೆರೆಗಳ ಮೇಲೆ ಮತ್ತೆ ಮಂಜು ಎದ್ದಿತು. ಒಂದು ಮುಂಜಾನೆ ಸಾಬರು ಜಗಲಿ ಮೇಲೆ ಕೂತಿದ್ದಾಗ ಹೆಜ್ಜೆ ಸಪ್ಪಳವಾಯಿತು. ಬಂದವನು ಸಲಾಂ ಅನ್ನಲಿಲ್ಲ, ಸಮಾಚಾರ ಕೇಳಲಿಲ್ಲ. ಹೆಗಲ ಕಂಬಳಿ ತೆಗೆದು ಅದರ ಅಂಚನ್ನು ಸಾಬರ ಕೈಯಲ್ಲಿಟ್ಟ.

ಸಾಬರು ಹಿಂಡಿದರು. ನೀರು ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯಿತು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

"ವಾಜಿದ್ ದೀಪ ಹಾಕ್ಕೊಂಡ್ನಾ?"

ಬೈರಪ್ಪ ಕೈ ಹಿಡಿದು ಎಬ್ಬಿಸಿ, ಬೀದಿಯಲ್ಲಿ ನಿಂತಿದ್ದ ಕಾರಿನ ಮುಂದಕ್ಕೆ ಕರೆದುಕೊಂಡು ಹೋದ. ಬಗ್ಗಿಸಿ, ಅಂಗೈಯನ್ನು ಹಳದಿ ಗಾಜಿನ ಮೇಲೆ ಇಟ್ಟ. ಬೆಚ್ಚಗಿತ್ತು.

ಕಾರಿನ ಒಳಗಿಂದ ಮುನಿವೆಂಕಟಮ್ಮ, "ಸಾಬಣ್ಣಾ, ಎಂಗಿದ್ದೀಯಪ್ಪಾ?" ಅಂದಳು. ಸಾಬರಿಗೆ ಕೇಳಿಸಿತೋ ಇಲ್ಲವೋ.

ವಾಜಿದ್ ಸ್ವಲ್ಪ ಹೊತ್ತು ಕಾದ. ಆಮೇಲೆ ಕಿಟಕಿಯಿಂದ ತಲೆ ಹಾಕಿ, ಮೆಲ್ಲಗೆ ಅಂದ: "ಮಾಮೂ, ಕೈ ತೆಗೀರಿ. ರಸ್ತೆ ಕಾಣ್ತಿಲ್ಲ."