ಸೋಮವಾರದ ಆಟ

“ಈ ಸೂಳೆಮಕ್ಕಳ ಕಣ್ಣು ಬಿಗಿಯಾಗಿ ಕಟ್ರಲೇ. ಸಂದಿಯಾಗ ನೋಡಿದ್ರ ಆಟ ಹೆಂಗಾಗ್ತೈತಿ?”

ಹೀಗೆಂದ ಮೇಸ್ತ್ರಿ ವೆಂಕಟಪ್ಪ ನನ್ನ ಕಣ್ಣಿಗೆ ತಾನೇ ಗೋಣಿಪಟ್ಟಿ ಸುತ್ತಿ, ಬುರುಡೆ ನೋಯುವಂತೆ ಗಂಟು ಹಾಕಿದ. ಆಮೇಲೆ ಕತ್ತಲೆ.

ಆದೋನಿಯ ಹತ್ತಿ ಪ್ರೆಸ್ಸಿನಲ್ಲಿ ನಾವು ಆರು ಜನ ಹಮಾಲರು ಒಂದು ಗುಂಪು. ಮ್ಯಾನೇಜರ್ ಏಕಾಂತಪ್ಪ ಬೊಂಬಾಯಿಗೆ ಹೋಗಿಬಂದ ಮೇಲೆ ಈ ಆಟ ಶುರುವಾಗಿತ್ತು. ನಮ್ಮಲ್ಲಿ ಒಗ್ಗಟ್ಟಿಲ್ಲವಂತೆ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲವಂತೆ, ಅದನ್ನು ಕಲಿಸಬೇಕಂತೆ. ಅದಕ್ಕೆ ಪ್ರತಿ ಸೋಮವಾರ ಒಂದು ಗುಂಪು ಕಣ್ಣು ಕಟ್ಟಿಸಿಕೊಂಡು, ಒತ್ತಿ ಬಿಗಿದ ಹತ್ತಿಮೂಟೆಗಳ ಜೋಡಿ ಅಂಡಿಗೆಯನ್ನು ಬೊಂಬಿನ ಮೇಲೆ ಹೊತ್ತು, ಹಲಗೆ ಏರಿ ರೈಲಿನ ಡಬ್ಬಿಯೊಳಗೆ ಇಳಿಸಬೇಕು. ಬಾಯಿ ಬಿಡಬಾರದು. ಒಲ್ಲೆ ಎಂದವನಿಂದ ಹಮಾಲಿಯ ಗುರುತಿನ ಹಿತ್ತಾಳೆ ಬಿಲ್ಲೆ ಕಸಿದು ಗೇಟಿನಾಚೆ ದಬ್ಬುತ್ತಿದ್ದರು. ಬಿಲ್ಲೆ ಹೋದವನನ್ನು ಊರಿನ ಯಾವ ಪ್ರೆಸ್ಸೂ ಕರೆಯುತ್ತಿರಲಿಲ್ಲ.

ಕಣ್ಣಿಲ್ಲದೆ ಹೊರಬಹುದು. ಕೂಗಿಲ್ಲದೆ ಹೊರಲಾಗದು. ನಮ್ಮ ಗುಂಪಿಗೆ ಕೂಗು ಹಾಕುವವನು ನನ್ನ ಹೆಂಡತಿಯ ಅಪ್ಪ, ಉಚ್ಚೀರಪ್ಪ ಮಾವ. ಅವನು “ಹೈಸಾ” ಎಂದರೆ ಆರು ಬಲಗಾಲು ಏಳುತ್ತವೆ. “ಇಳ್ಸಪ್ಪೋ” ಎಂದರೆ ಎಲ್ಲರ ಮೊಣಕಾಲೂ ಮಡಿಯುತ್ತವೆ. ಹೋದ ಸೋಮವಾರ ನಾಗಣ್ಣನ ಗುಂಪು ಮೂಕರಂತೆ ಹತ್ತಿತು. ಒಬ್ಬನ ಹೆಜ್ಜೆ ತಪ್ಪಿ ಅಂಡಿಗೆ ಹಿಂದಕ್ಕೆ ಜಾರಿತು. ಹಿಂದಿದ್ದ ನಾಗಣ್ಣನ ಮೊಣಕಾಲು ಮುರಿದ ಸಪ್ಪಳ ಪ್ರೆಸ್ಸಿನ ಗದ್ದಲದಲ್ಲೂ ನನಗೆ ಕೇಳಿಸಿತ್ತು.

ಇವತ್ತು ಆ ಹಿಂದಿನ ಜಾಗ ನನ್ನದು.

ಏಕಾಂತಪ್ಪ ಹಲಗೆಯ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದ. “ನಿಮ್ಮ ಒಳ್ಳೇದಕ್ಕ ಹೇಳತೀನಿ. ಮನಸ್ಸು ಒಂದಾದ್ರ ಬಾಯಿ ಯಾಕ ಬೇಕು?”

ಹತ್ತಿದೆವು. ಐದನೇ ಹೆಜ್ಜೆಗೆ ಬೊಂಬು ಎಡಕ್ಕೆ ಹೊರಳಿತು. ಮುಂದಿನವನು ನಿಂತನೋ ನಡೆದನೋ ತಿಳಿಯಲಿಲ್ಲ. ಭಾರವೆಲ್ಲ ಹಿಂದಕ್ಕೆ ಬಂದು ನನ್ನ ಹೆಗಲು ಹಿಂಡಿತು. ನಾಗಣ್ಣನ ಕಾಲು ನೆನಪಾಯಿತು. ತೊಡೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು.

“ನೋಡ್ರಿ ಸಾಮಿ, ದುರುಗಣ್ಣ ಉಚ್ಚಿ ಹೊಯ್ಕಂಡಾನ,” ಎಂದು ನನ್ನ ಹೆಸರು ಹಿಡಿದು ಮೇಸ್ತ್ರಿ ನಕ್ಕ.

ಆಗ ಮುಂದಿನಿಂದ ಮಾವನ ದನಿ ಬಂತು. “ಅಳಿಯಾ, ಅದೀಯೇನಪಾ?”

“ಅದೀನಿ ಮಾವ.”

“ಇಳ್ಸಪ್ಪೋ...”

ಎಲ್ಲರ ಮೊಣಕಾಲೂ ಒಟ್ಟಿಗೆ ಮಡಿದವು. ಅಂಡಿಗೆ ಹಲಗೆಯ ಅಡ್ಡಪಟ್ಟಿಗೆ ತಗುಲಿ, ನಡುದಾರಿಯಲ್ಲೇ ಕೂತಿತು. ನಾವೂ ಅದರ ಸುತ್ತ ಕೂತೆವು.

ಏಕಾಂತಪ್ಪ “ಎತ್ರಿ” ಎಂದ. ಆರೂ ಬಿಲ್ಲೆ ಕಿತ್ತುಕೊಳ್ಳುತ್ತೇನೆ ಎಂದ. ಯಾರೂ ಮಿಸುಕಲಿಲ್ಲ. ಮೇಸ್ತ್ರಿ ತಾನೇ “ಹೈಸಾ” ಎಂದು ಕೂಗಿದ. ಮತ್ತೆ ಕೂಗಿದ. ಗಂಟಲು ಹರಿಯುವಂತೆ ಕೂಗಿದ. ಅವನ ಕೂಗಿಗೆ ಒಂದು ಕಾಲೂ ಏಳಲಿಲ್ಲ.

“ನಾಗಣ್ಣನ ಮುರಿದ ಕಾಲು ಮೊದಲ ಎತ್ತಿ ನಿಲ್ಲಸ್ರಿ,” ಎಂದ ಮಾವ, ಮೆಲ್ಲಗೆ. “ಆಮ್ಯಾಲ ಇದನ್ನ ನಾವು ಎತ್ತತೀವಿ.”

ಕುರ್ಚಿ ಹಿಂದಕ್ಕೆ ಸರಿದ ಸಪ್ಪಳವಾಯಿತು. ಮೇಸ್ತ್ರಿಯ ಮೆಟ್ಟು ಹಲಗೆ ಏರತೊಡಗಿತು. ಹೆಜ್ಜೆಗೊಮ್ಮೆ ಬೆತ್ತ ಮರಕ್ಕೆ ಬಡಿಯುತ್ತಿತ್ತು. ಕಣ್ಣಪಟ್ಟಿ ಬಿಚ್ಚಬಹುದಿತ್ತು. ಬಿಚ್ಚಿದರೆ ಏಕಾಂತಪ್ಪನ, ಮೇಸ್ತ್ರಿಯ ಮುಖ ಕಾಣುತ್ತದೆ, ಕಂಡರೆ ಹೆದರಿ ಕಾಲು ತಾನಾಗಿ ಏಳುತ್ತದೆ. ಅದಕ್ಕೇ ಯಾರೂ ಬಿಚ್ಚಲಿಲ್ಲ.

ಹಿಂದಿದ್ದವನು ನಾನು. ಮೊದಲ ಏಟು ನನಗೇ. ಮುಂದಕ್ಕೆ ಕೈ ಚಾಚಿ ತಡಕಾಡಿದೆ. ಬೆವೆತ ಒಂದು ಕೈ ಸಿಕ್ಕಿತು. ಅದೂ ನನ್ನ ಕೈಯನ್ನೇ ತಡಕಾಡುತ್ತಿತ್ತು.