ಖಾಲಿ ಮಾಡಿದ ಫೋಲ್ಡರು

ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡದೆ ಅವಳು ಮನೆಯಿಂದ ಹೊರಬಿದ್ದವಳಲ್ಲ. ಬೀಗ ಹಾಕಿ ನಾಲ್ಕು ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬಂದು ಬೀಗ ಜಗ್ಗುತ್ತಿದ್ದಳು. ಇದನ್ನು ನೋಡಿ ನೋಡಿ ಅಕ್ಕನ ಗಂಡ ಅವಳಿಗೆ ‘ಇನ್ನೊಂದ್ಸಲ’ ಎಂದು ಹೆಸರಿಟ್ಟಿದ್ದ. ಇಬ್ಬರೂ ಒಂದೇ ಲಿಫ್ಟ್ ಕಂಪನಿಯವರು. ಅವನು ಮೆಕ್ಯಾನಿಕ್, ಅವಳು ತಪಾಸಣೆಯವಳು. ಹಾಗಾಗಿ ಹೆಸರು ಮನೆಯಿಂದ ಆಫೀಸಿಗೂ ಹಬ್ಬಿ, ಕೊನೆಗೆ ಮೇಲಧಿಕಾರಿಯ ಬಾಯಿಗೂ ಬಿದ್ದಿತ್ತು.

ವರದಿ ಕಳಿಸಿದ ಮೇಲೆ ಫೋನ್ ಮಾಡಿ, ಬಂತಾ, ಓದಿದ್ರಾ ಎಂದು ಕೇಳುವುದು ಅವಳ ರೂಢಿ. ಒಂದು ದಿನ ಮೇಲಧಿಕಾರಿ, ಮೇಲ್ ಕಂಡುಹಿಡಿದದ್ದೇ ನಿಮ್ಮ ಫೋನ್ ತಪ್ಪಿಸಿಕೊಳ್ಳಲಿಕ್ಕೆ ಎಂದು ಎಲ್ಲರೆದುರು ನಕ್ಕರು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂದಿನಿಂದ ಫೋನ್ ಮಾಡುವುದನ್ನು ಬಿಟ್ಟಳು.

ಪ್ರತಿ ಕಟ್ಟಡದ ನಮೂನೆ ತಿಂಗಳಿಗೊಮ್ಮೆ ಮೇಲ್‌ನಲ್ಲಿ ಬರುತ್ತಿತ್ತು, ಪ್ರತಿ ಸಾಲಿನಲ್ಲೂ ‘ದೋಷವಿಲ್ಲ’ ಎಂದು ಮೊದಲೇ ತುಂಬಿಕೊಂಡೇ. ಅವಳು ಅದನ್ನು ಮೇಲ್‌ನೊಳಗಿಂದಲೇ ತೆರೆದು, ದೋಷ ಕಂಡಲ್ಲಿ ತಿದ್ದಿ, ಸೇವ್ ಒತ್ತಿ ಮುಚ್ಚಿ, ಅದೇ ಮೇಲನ್ನು ಮೇಲಧಿಕಾರಿಗೆ ಕಳಿಸುತ್ತಿದ್ದಳು. ಕಾಗದದ ಪುಸ್ತಕ ಹೋಗಿ ಈ ಪದ್ಧತಿ ಬಂದು ವರ್ಷವಾಗಿತ್ತು.

ಆ ತಿಂಗಳು, ತನ್ನ ಭಾವ ಎಂದೂ ಹೋಗದ ಆರು ಮಹಡಿಯ ಕಟ್ಟಡವೊಂದರಲ್ಲಿ, ಲಿಫ್ಟಿನ ನೆತ್ತಿಯ ಮೇಲಿನ ಕಾವಲು ಕಂಬಿಯನ್ನು ಹಿಡಿದು ಅಲುಗಿಸಿದಳು. ಮೆಕ್ಯಾನಿಕ್ ನಿಂತು ಕೆಲಸ ಮಾಡುವ ಜಾಗ ಅದು. ಎರಡು ಬೋಲ್ಟು ಸವೆದು ಸಡಿಲವಾಗಿದ್ದವು. ‘ಕಂಬಿ ಭಾರ ತಡೆಯದು. ಬೋಲ್ಟು ಬದಲಿಸುವವರೆಗೆ ಯಾರೂ ಮೇಲೆ ಹತ್ತಬಾರದು’ ಎಂದು ಟೈಪ್ ಮಾಡಿ, ಎರಡು ಸಲ ಓದಿ, ಸೇವ್ ಒತ್ತಿ ಕಳಿಸಿದಳು. ಕೈ ಫೋನಿನ ಮೇಲೆ ಹೋಯಿತು. ಆ ನಗು ನೆನಪಾಗಿ ಹಿಂದೆ ಬಂತು.

ಮೂರು ವಾರದ ಮೇಲೆ ಕಂಪ್ಯೂಟರ್ ವಿಭಾಗದ ಸುತ್ತೋಲೆ ಬಂತು. ಮೇಲ್ ಪ್ರೋಗ್ರಾಮು ಕೂಡಿಟ್ಟುಕೊಂಡ ತಾತ್ಕಾಲಿಕ ಫೈಲುಗಳಿಂದ ಜಾಗ ತುಂಬಿದೆ, ಎಲ್ಲರೂ ಅಳಿಸಿರಿ. ಹೇಳಿದಂತೆ ಅಡಗಿದ್ದ ಫೋಲ್ಡರು ತೆರೆದಳು. ತನ್ನದೇ ನಮೂನೆಗಳ ಹೆಸರು ಸಾಲುಗಟ್ಟಿ ಕಂಡವು. ಕಂಪ್ಯೂಟರಿನವನಿಗೆ ಫೋನ್ ಮಾಡಿ ಕೇಳಿದಳು. ಅವೆಲ್ಲ ಬರೀ ನಕಲು, ಅಸಲು ಮೇಲ್‌ನಲ್ಲೇ ಇರುತ್ತೆ ಎಂದ. ಅಳಿಸಿದಳು. ಗುರುತೂ ಉಳಿಯದ ಹಾಗೆ ಒರೆಸುವ ಕೊನೆಯ ಹಂತವನ್ನು, ಬೇಕಿದ್ದರೆ ಮಾಡಿ ಎಂದು ಬರೆದಿದ್ದರು. ಬೇರೆಯವರು ಅದನ್ನು ಹಾರಿಸಿದರು. ಅವಳು ಎರಡು ಸಲ ಮಾಡಿದಳು.

ಮರುವಾರ ಆ ಕಟ್ಟಡದ ಮೆಕ್ಯಾನಿಕ್ ರಜೆ ಹಾಕಿದ. ಎಣ್ಣೆ ಹಾಕಲು ಭಾವನನ್ನು ಕಳಿಸಿದರು. ಅವನು ಕಂಬಿಗೆ ಒರಗಿದ. ಕಂಬಿಯ ಜೊತೆಗೇ ನಾಲ್ಕು ಮಹಡಿ ಕೆಳಕ್ಕೆ ಬಿದ್ದ. ಜೀವ ಉಳಿಯಿತು, ಕಾಲುಗಳು ಉಳಿಯಲಿಲ್ಲ.

ಆಸ್ಪತ್ರೆಗೆ ಅವಳು ಓಡಿ ಬರುವಷ್ಟರಲ್ಲಿ ತನಿಖೆಯವರು ಬಂದು ಹೋಗಿದ್ದರು. ಅವಳು ಕಳಿಸಿದ ವರದಿಯಲ್ಲಿ ದೋಷವಿಲ್ಲ ಎಂದೇ ಇದೆಯಂತೆ.

“ನೀನು ಆ ಕಂಬಿ ನೋಡಿದ್ಯೇನೇ?” ಅಕ್ಕ ಕೇಳಿದಳು.

“ನೋಡಿದ್ದೆ ಅಕ್ಕ. ಯಾರೂ ಹತ್ತಬಾರದು ಅಂತ ಬರೆದಿದ್ದೆ.”

ಭಾವ ಕಣ್ಣು ಬಿಟ್ಟ. “ಅವಳನ್ನ ಕೇಳ್ಬೇಕಾ? ನಮ್ಮ ಇನ್ನೊಂದ್ಸಲ ಆ ಬೋಲ್ಟುಗಳ ಕ್ಷೇಮಸಮಾಚಾರನೂ ವಿಚಾರಿಸಿ ಬಂದಿರ್ತಾಳೆ.” ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ. “ತಂದು ತೋರ್ಸು ಅವರಿಗೆ. ತಪ್ಪು ನಂದೇ ಅಂತಿದಾರೆ.”

ಆಫೀಸಿಗೆ ಬಂದು ಕಳಿಸಿದ ಮೇಲ್ ತೆರೆದಳು. ಕಾವಲು ಕಂಬಿ: ದೋಷವಿಲ್ಲ. ಮುಚ್ಚಿ ಮತ್ತೆ ತೆರೆದಳು. ದೋಷವಿಲ್ಲ. ಕಂಪ್ಯೂಟರಿನವನು ಬಂದು, ಎಳೆ ಮಗುವಿಗೆ ಹೇಳುವಂತೆ ಮೆಲ್ಲಗೆ ಬಿಡಿಸಿ ಹೇಳಿದ. ಮೇಲ್‌ನೊಳಗಿಂದ ತೆರೆದಾಗ ಕೈಗೆ ಬರುವುದು ನಕಲು. ತಿದ್ದಿ ಸೇವ್ ಮಾಡಿದ್ದೆಲ್ಲ ಆ ಅಡಗಿದ ಫೋಲ್ಡರಿಗೇ ಹೋಗುತ್ತೆ. ಮುಂದೆ ಹೋಗುವುದು ಬಂದ ಹಾಗೇ ಇದ್ದ ಅಸಲು.

ಹಿಂದಿನ ತಿಂಗಳುಗಳನ್ನೂ ತೆರೆದು ನೋಡಿದಳು. ಉರಿಯದ ದೀಪ, ಸವೆದ ಗುಂಡಿ, ಒಂದು ವರ್ಷದಲ್ಲಿ ಅವಳು ಬರೆದ ಒಂದೇ ಒಂದು ಅಕ್ಷರವೂ ಯಾರನ್ನೂ ಮುಟ್ಟಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

“ಒರೆಸದೆ ಇದ್ದಿದ್ರೆ ಹೇಗಾದ್ರೂ ತೆಗೀಬಹುದಿತ್ತು,” ಎಂದ ಅವನು. “ಆ ಹಂತ ಯಾರೂ ಮಾಡಲ್ಲ ಮೇಡಂ.”

ಸಂಜೆ ವಾರ್ಡಿಗೆ ಬರಿಗೈಯಲ್ಲಿ ಹೋಗಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಫೋಲ್ಡರು, ನಕಲು, ಸುತ್ತೋಲೆ ಎನ್ನುವಾಗ ಅವಳ ಕಿವಿಗೇ ಅದು ಕಟ್ಟುಕತೆಯಂತೆ ಕೇಳಿಸಿತು.

“ಬರೆದಿದ್ರೆ ಎಲ್ಲಾದ್ರೂ ಒಂದ್ಕಡೆ ಇರ್ತಿತ್ತಲ್ಲೇ,” ಎಂದು ಅಕ್ಕ ಗಂಡನ ಹೊದಿಕೆ ಸರಿಮಾಡತೊಡಗಿದಳು.

ಭಾವ, ಹದಿನೈದು ವರ್ಷದಲ್ಲಿ ಮೊದಲ ಸಲ, ಅವಳನ್ನು ಅವಳ ಹೆಸರು ಹಿಡಿದು ಕರೆದ.

“ಒಂದ್ಸಲ ನೋಡಿದ್ರೂ ಸಾಕಿತ್ತು,” ಎಂದ.

ಅವಳು ಎದ್ದು ಕಾರಿಡಾರಿಗೆ ಬಂದಳು. ಗೋಡೆ ಹಿಡಿದು, ಆ ಎರಡು ವಾಕ್ಯಗಳನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಕಂಬಿ ಭಾರ ತಡೆಯದು ಎಂದಿದ್ದೆನೋ, ತಾಳದು ಎಂದಿದ್ದೆನೋ. ಲಿಫ್ಟಿನ ಬಾಗಿಲ ಹತ್ತಿರ ಬರುವ ಹೊತ್ತಿಗೆ ಪದಗಳು ಅದಲುಬದಲಾಗಿದ್ದವು. ಮೆಟ್ಟಿಲು ಹಿಡಿದು ಇಳಿದಳು. ಬೀದಿಗೆ ಬಂದಾಗ ಉಳಿದಿದ್ದ ಪ್ರಶ್ನೆ ಒಂದೇ: ಬರೆದಿದ್ದೆನೇ?

ಅದನ್ನು ತೆರೆದು ನೋಡಲು ಈಗ ಎಲ್ಲಿಯೂ ಜಾಗವಿರಲಿಲ್ಲ.